ಇಸ್ತ್ರಿಯಣ್ಣನ ಮೂಗು, ಅಕ್ಕನ ದೊರೆ

ಆ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇಸ್ತ್ರಿಯಣ್ಣನ ಮೂಗಿನ ಬಗ್ಗೆ ಒಂದು ಕಥೆ ಹೇಳದೆ ಬಿಡುವುದಿಲ್ಲ. ನೋಡಲು ಚೆಲುವಾದ ಮೂಗೇನಲ್ಲ. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಉರುಳಿ ತುದಿ ಚಪ್ಪಟೆಯಾಗಿತ್ತು. ಆದರೆ ಬಟ್ಟೆ ಸುಡುವುದಿರಲಿ, ಸುಡಬೇಕೆಂದು ಮನಸ್ಸು ಮಾಡುವಾಗಲೇ ಆ ಮೂಗಿಗೆ ಗೊತ್ತಾಗಿಬಿಡುತ್ತಿತ್ತು. ಹತ್ತಿ ಕಾದರೆ ಒಂದು ವಾಸನೆ, ಉಣ್ಣೆ ಕಾದರೆ ಇನ್ನೊಂದು, ರೇಷ್ಮೆಯದು ಕೂದಲು ಕಮರಿದ ಹಾಗೆ. ಪಕ್ಕದ ಮನೆಯಲ್ಲಿ ಹಾಲು ತಳ ಹಿಡಿಯುವ ಮುಂಚೆ ಇವನು ಇಲ್ಲಿಂದಲೇ "ಅಮ್ಮಾ, ಹಾಲು!" ಎಂದು ಕೂಗುತ್ತಿದ್ದ. ಮೇಲಿನ ಮಹಡಿಯ ದರ್ಜಿ ಒಮ್ಮೆ ಪಂಥ ಕಟ್ಟಿ, ಇವನ ಕಣ್ಣಿಗೆ ಬಟ್ಟೆ ಕಟ್ಟಿ, ಚೂರುಬಟ್ಟೆಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ಸೋತುಹೋಗಿದ್ದ. ಆಮೇಲೆ ಆ ದರ್ಜಿ, "ಈ ಮೂಗು ಪೊಲೀಸ್ ಇಲಾಖೆಗೆ ಸೇರಬೇಕಾಗಿತ್ತು ಕಣ್ರೀ, ತಪ್ಪಿ ಇಸ್ತ್ರಿ ಮೇಜಿಗೆ ಬಂದಿದೆ" ಎನ್ನುತ್ತಾ ಓಡಾಡಿದ.

ಹೊಗಳಿಕೆ ಯಾರಿಗೆ ಬೇಡ ಹೇಳಿ? ಇವನಿಗೂ ಸ್ವಲ್ಪ ತಲೆಗೇರಿತ್ತು. ಎಷ್ಟೋ ವರ್ಷ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಇದ್ದಿಲಿನ ಪೆಟ್ಟಿಗೆಯಲ್ಲಿ ದುಡಿದವನು, ಮೇಲಿನವರು ಹೊಗೆಯ ದೂರು ಹೇಳಿ ಹೇಳಿ ಸಾಕುಮಾಡಿದ ಮೇಲೆ ಕರೆಂಟಿನ ಪೆಟ್ಟಿಗೆ ತಂದು ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡ. ತಂದ ದಿನವೇ ಅದನ್ನು ರಿಪೇರಿಯವನ ಹತ್ತಿರ ಒಯ್ದು 'ಡೈರೆಕ್ಟ್' ಮಾಡಿಸಿದ. ಅಂದರೆ, ಬಿಸಿ ಮಿತಿ ಮೀರಿದಾಗ ತಾನಾಗಿ ಆರಿಹೋಗುವ ವ್ಯವಸ್ಥೆಯನ್ನು ಕಿತ್ತುಹಾಕಿ, ತಂತಿಯನ್ನು ನೇರವಾಗಿ ಜೋಡಿಸಿಬಿಡುವುದು. ಈ ಕಸುಬಿನವರಲ್ಲಿ ಅದೇನೂ ಹೊಸದಲ್ಲ. ಪೆಟ್ಟಿಗೆ ಘಳಿಗೆಗೊಮ್ಮೆ ಆರುತ್ತಾ ಕೂತರೆ ಗಿರಾಕಿಯ ಬಟ್ಟೆ ಸಂಜೆಯೊಳಗೆ ಮುಗಿಯುವುದು ಹೇಗೆ?

"ಬಿಸಿ ಜಾಸ್ತಿಯಾದ್ರೆ ಏನಣ್ಣ ಮಾಡ್ತೀಯ?" ಎಂದು ರಿಪೇರಿಯವನು ಕೇಳಿದ್ದಕ್ಕೆ, "ನನ್ನ ಮೂಗು ಎಲ್ಲಿಗೆ ಹೋಗಿದೆ?" ಎಂದಿದ್ದ.

ಈ ಮೂಗಿಗೆ ತಲೆಬಾಗದ ಪ್ರಾಣಿ ಲೋಕದಲ್ಲಿ ಒಂದೇ ಒಂದಿತ್ತು, ಅವನ ಅಕ್ಕ. ಅಕ್ಕನೆಂದರೆ ಅವನಿಗೆ ಅಮ್ಮನೂ ಅವಳೇ, ಅಪ್ಪನೂ ಅವಳೇ. ಹೆತ್ತವರು ಒಬ್ಬರ ಹಿಂದೊಬ್ಬರು ಕಣ್ಣುಮುಚ್ಚಿದಾಗ ಅವಳಿಗಿನ್ನೂ ಎರಡು ಜಡೆ ಹಾಕಿಕೊಳ್ಳುವ ವಯಸ್ಸು. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿ, ಮುರಿದ ಬಿಸ್ಕತ್ತು ತಂದು ತಮ್ಮನ ಹೊಟ್ಟೆ ತುಂಬಿಸಿ, ಅವನಿಗೊಂದು ಕಸುಬು ಕಲಿಸಿ, ಒಂದು ಹೆಣ್ಣು ನೋಡಿ ಮದುವೆಯನ್ನೂ ಮಾಡಿದಳು. ತಾನು ಮಾತ್ರ ಆ ಗೋಜಿಗೆ ಹೋಗಲಿಲ್ಲ. ಕೇಳಿದವರಿಗೆಲ್ಲ, "ಒಬ್ಬ ಗಂಡಸಿನ ಅಂಗಿ ಒಗೆದು ಸಾಕಾಗಿದೆ, ಇನ್ನೊಬ್ಬನದ್ಯಾಕೆ?" ಎನ್ನುತ್ತಿದ್ದಳು. ಮಾತು ಅಂಥ ಖಾರ. ಕೆಲಸದಿಂದ ನಿವೃತ್ತಿಯಾಗಿ, ಎರಡು ಬೀದಿಯಾಚೆಯ ಒಂಟಿ ಕೋಣೆಯಲ್ಲಿ ಇದ್ದುಬಿಟ್ಟಳು. ಹಾಗೆ ಇರುವಾಗ ಜೊತೆಯ ಕೆಲಸದವಳೊಬ್ಬಳು ಮನೆ ಬದಲಾಯಿಸುತ್ತಾ ಒಂದು ಹಕ್ಕಿಯನ್ನು ಪಂಜರದ ಸಮೇತ ಇವಳ ಮಡಿಲಿಗೆ ಹಾಕಿ ಹೋದಳು.

ಕಾಕಟೀಲ್ ಎಂಬ ಜಾತಿಯ ಹಕ್ಕಿ. ಮೈ ಬೂದಿ ಬಣ್ಣ, ತಲೆ ಹಳದಿ, ಎರಡು ಕೆನ್ನೆಗೂ ಕೇಸರಿ ಬೊಟ್ಟಿಟ್ಟ ಹಾಗೆ, ನೆತ್ತಿಯ ಮೇಲೆ ಏಳುವ ಇಳಿಯುವ ಜುಟ್ಟು. ಆ ಜುಟ್ಟಿನ ದರ್ಬಾರು ನೋಡಿಯೇ ಅಕ್ಕ ಅದಕ್ಕೆ 'ದೊರೆ' ಎಂದು ಹೆಸರಿಟ್ಟಳು. ಮೊದಮೊದಲು, "ತಿಂದು ಹೇತು ಗದ್ದಲ ಮಾಡೋಕೆ ನನ್ನ ಮನೇನೇ ಬೇಕಿತ್ತಾ ಇದಕ್ಕೆ" ಎಂದು ಗೊಣಗುತ್ತಿದ್ದವಳು, ವರ್ಷ ಕಳೆಯುವಷ್ಟರಲ್ಲಿ ಅದರ ಎದುರಿಗೆ ಕೂತಲ್ಲದೆ ಊಟ ಮಾಡುತ್ತಿರಲಿಲ್ಲ. ಜೀವಮಾನವೆಲ್ಲ ಬೈದು ಬದುಕಿದ ಆ ಹೆಂಗಸು, ಆ ಹಕ್ಕಿಗೆ ಮಾತ್ರ ಒಂದು ಗಡಸು ಮಾತು ಆಡಿದ್ದನ್ನು ಯಾರೂ ಕೇಳಿಲ್ಲ.

ಈಗ ಆ ಅಕ್ಕನ ಹೃದಯದ ಕವಾಟವೊಂದು ಕಿರಿದಾಗಿತ್ತು. ನಾಲ್ಕು ಹೆಜ್ಜೆಗೆ ಏದುಸಿರು. ಎದೆ ತೆರೆದು ಕವಾಟ ಬದಲಿಸಬೇಕು, ಅದಕ್ಕೆ ಮುಂಚೆ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕು ಎಂದರು ಡಾಕ್ಟರು. ಹೋಗುವ ದಿನ ಅಕ್ಕ ಪಂಜರವನ್ನು ತಾನೇ ಹಿಡಿದುಕೊಂಡು, ಉಬ್ಬಸಪಡುತ್ತಾ, ಆಟೋದಲ್ಲಿ ತಮ್ಮನ ಮನೆಗೆ ಬಂದಳು.

"ಲೋ, ಕಿವಿಗೊಟ್ಟು ಕೇಳು. ಇದರ ಎದುರಿಗೆ ಸಿಗರೇಟು ಸೇದಬಾರದು."

"ಇಲ್ಲಕ್ಕ."

"ಎದುರಿಗೆ ಅಂದ್ರೆ ಮರೇಲೂ ಸೇದಬಾರದು. ಸೊಳ್ಳೆ ಬತ್ತಿ ಹಚ್ಚಬಾರದು. ಸೆಂಟು, ಸ್ಪ್ರೇ, ಫಿನಾಯಿಲು ಯಾವ್ದೂ ಹತ್ರ ತರ್ಬೇಡ. ಅಡುಗೆಮನೇಲಿ ಹೊಗೆ ಎದ್ರೆ ಬಾಗಿಲು ಹಾಕ್ಕೋ. ಇದರ ಪುಪ್ಪುಸ ಅಂದ್ರೆ ಹೂವಿನ ಎಸಳು ಕಣೋ. ಮತ್ತೆ ಗಾಳಿ ಬಡೀಬಾರದು, ಚಳಿ ತಾಗಬಾರದು. ಚಳಿ ತಾಗಿತೋ, ಮುಗೀತು ಕಥೆ."

"ಅಕ್ಕ, ಆಸ್ಪತ್ರೆಗೆ ಹೋಗ್ತಿರೋದು ನೀನೋ, ದೊರೆಯೋ?"

"ನನ್ನ ನೋಡ್ಕೊಳ್ಳೋಕೆ ಅಲ್ಲಿ ದಂಡಿಗೆ ದಂಡೇ ನರ್ಸುಗಳಿದಾರೆ. ಇದಕ್ಕೆ ಇರೋದು ನೀನೊಬ್ಬ ಕೋಡಂಗಿ." ಅಷ್ಟು ಹೇಳಿ ಅಕ್ಕ ಪಂಜರದ ಸರಳಿನೊಳಗೆ ಬೆರಳು ತೂರಿಸಿದಳು. ದೊರೆ ತಲೆ ಬಗ್ಗಿಸಿ ಕತ್ತು ಕೆರೆಸಿಕೊಂಡಿತು. ಆಮೇಲೆ ಅವಳು ದನಿ ತಗ್ಗಿಸಿ, "ಎದೆ ಸೀಳ್ತಾರಂತೆ. ಒಂದ್ಸಲ ಮಲಗಿಸಿದ ಮೇಲೆ ಏಳೋದು ಬಿಡೋದು ನನ್ನ ಕೈಲಿಲ್ಲ. ಆದ್ರೆ ಇದಕ್ಕೆ ಕಾಳು ಹಾಕ್ಬೇಕಲ್ಲ ಅಂತ ಒಂದು ನೆಪ ಇದೆ ನೋಡು, ಅದು ಸಾಕು ನನಗೆ. ಎದ್ದು ಬರ್ತೀನಿ. ಬರೋವಷ್ಟರಲ್ಲಿ ಆ ನೆಪ ಕಳೀಬೇಡ" ಎಂದಳು.

ಅಕ್ಕ ಅದನ್ನು ಎಷ್ಟು ಯೋಚಿಸಿ ಹೇಳಿದಳೋ ಗೊತ್ತಿಲ್ಲ. ತಮ್ಮನ ಎದೆಯಲ್ಲಿ ಅದು ಮೊಳೆ ಹೊಡೆದಂತೆ ಕೂತುಬಿಟ್ಟಿತು. ದೊರೆ ಉಳಿದರೆ ಅಕ್ಕ ಉಳಿಯುತ್ತಾಳೆ. ದೊರೆಗೆ ಏನಾದರೂ ಆದರೆ ಅಕ್ಕ ಆಪರೇಶನ್ ಮೇಜಿನ ಮೇಲಿಂದ ಏಳುವುದಿಲ್ಲ. ಇದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ ಎಂದು ಅವನ ಹೆಂಡತಿ ಎಷ್ಟು ಹೇಳಿದರೂ ಅವನ ತಲೆಗೆ ಹತ್ತಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ನಡೆದದ್ದು ನಿಜವಾಗಿಯೂ ದೊರೆಯ ಆಳ್ವಿಕೆ. ಇಸ್ತ್ರಿಯಣ್ಣ ಸಿಗರೇಟು ಬಿಟ್ಟ. ಹೆಂಡತಿ ಇಪ್ಪತ್ತು ವರ್ಷ ಅತ್ತು ಕರೆದರೂ ಬಿಡದವನು ಹಕ್ಕಿಗಾಗಿ ಬಿಟ್ಟ. ಸೊಳ್ಳೆ ಬತ್ತಿ ಹೋಗಿ ಪರದೆ ಬಂತು. ಹೆಂಡತಿಯ ಪೌಡರು ಡಬ್ಬಿ ಬಚ್ಚಲುಮನೆಗೆ ವರ್ಗವಾಯಿತು. ಎದುರುಮನೆಯವರು ಗೇಟಿಗೆ ಬಣ್ಣ ಬಳಿಸಲು ಹೊರಟಾಗ ಇವನು ಹೋಗಿ ಜಗಳ ತೆಗೆದು, ಕೈಮುಗಿದು, ಕೊನೆಗೆ ಅವರ ಮನೆಯ ಪರದೆಗಳನ್ನೆಲ್ಲ ಪುಕ್ಕಟೆ ಇಸ್ತ್ರಿ ಮಾಡಿಕೊಡುವ ಮಾತು ಕೊಟ್ಟು ನಿಲ್ಲಿಸಿದ.

"ಮೂಗಿಗಿಂತ ಮೂಗುತಿ ಭಾರ ಆಯ್ತು," ಎಂದಳು ಹೆಂಡತಿ. "ನಾನು ಬಾಣಂತಿಯಾಗಿದ್ದಾಗ್ಲೂ ಈ ಮರ್ಯಾದೆ ಇರ್ಲಿಲ್ಲ. ಮುಂದಿನ ಜನ್ಮದಲ್ಲಿ ನಾನೂ ಜುಟ್ಟು ಬಿಟ್ಕೊಂಡೇ ಹುಟ್ತೀನಿ."

"ಹುಟ್ಟು. ಆದ್ರೆ ಅಷ್ಟು ಮಾತಾಡ್ಬೇಡ," ಎಂದ ಇವನು.

ಹೀಗೆ ನಗುತ್ತಾ ಆಡುತ್ತಾ ದಿನ ಕಳೆಯುತ್ತಿತ್ತು. ಅಕ್ಕ ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಮಾಡುವಳು. ತಮ್ಮನ ಕ್ಷೇಮ ಕೇಳುವ ಪದ್ಧತಿ ಇಲ್ಲ. "ದೊರೆ ಕೈಗೆ ಕೊಡು" ಎನ್ನುವಳು. ಇವನು ಫೋನನ್ನು ಪಂಜರಕ್ಕೆ ಹಿಡಿದರೆ ದೊರೆ ಜುಟ್ಟೆತ್ತಿ, ಕಣ್ಣು ಪಿಳಿಪಿಳಿ ಮಾಡಿ, ತನ್ನ ಪುರಾಣವನ್ನೆಲ್ಲ ಒಪ್ಪಿಸುತ್ತಿತ್ತು.

ಇಷ್ಟರಲ್ಲಿ ಪಕ್ಕದ ಬೀದಿಯ ನೃತ್ಯಶಾಲೆಯವರು ತಮ್ಮ ವಾರ್ಷಿಕೋತ್ಸವಕ್ಕೆಂದು ಮಕ್ಕಳ ಉಡುಪುಗಳ ರಾಶಿಯನ್ನೇ ತಂದು ಸುರಿದರು. ಎಲ್ಲವೂ ಥಳಥಳ ಹೊಳೆಯುವ ನೈಲಾನು. ಬಿಸಿ ಪೆಟ್ಟಿಗೆ ಮುಟ್ಟಿಸಿದರೆ ಅಂಟು, ಮುಟ್ಟಿಸದಿದ್ದರೆ ಸುಕ್ಕು. ಒಂದು ಲಂಗದ ಅಂಚು ಕರಗಿ ತಳಕ್ಕೆ ಹತ್ತಿದ್ದೇ ತಡ, ಇವನು ಪೆಟ್ಟಿಗೆಯ ಬಿಡಿಭಾಗ ಮಾರುವ ಅಂಗಡಿಗೆ ಓಡಿದ. ಅಂಗಡಿಯವನು ಒಂದು ನಾನ್‌ಸ್ಟಿಕ್ ತಳ ತೆಗೆದು ಕೊಟ್ಟ. ಕಾಲಿಗೆ ಚಪ್ಪಲಿ ತೊಡಿಸಿದ ಹಾಗೆ ಪೆಟ್ಟಿಗೆಯ ತಳಕ್ಕೆ ತೊಡಿಸಿ, ಹಿಂದಿನಿಂದ ಸ್ಪ್ರಿಂಗು ಸಿಕ್ಕಿಸುವುದು. "ಇದನ್ನ ಹಾಕ್ಕೊಂಡ್ರೆ ಬೆಣ್ಣೆ ಮೇಲೆ ಹೋದ ಹಾಗೆ ಹೋಗುತ್ತೆ ಅಣ್ಣ. ಏನೂ ಅಂಟಲ್ಲ."

ಇವನು ಮನೆಗೆ ತಂದು ಮೊದಲು ಮಾಡಿದ ಕೆಲಸವೇನು ಗೊತ್ತೇ? ಮೂಸಿದ. ಏನೂ ವಾಸನೆಯಿಲ್ಲ. ತೊಡಿಸಿ, ಬಿಸಿ ಮಾಡಿ, ಮತ್ತೆ ಮೂಸಿದ. ಆಗಲೂ ಇಲ್ಲ. ದೊರೆ ಇರುವ ಕೋಣೆಯಲ್ಲಿ ಏನನ್ನೂ ಮೂಸದೆ ಬಳಸಬಾರದೆಂದು ಅವನೇ ಮಾಡಿಕೊಂಡ ಕಟ್ಟಳೆ ಅದು. ಮೂಗು ಸರಿ ಎಂದಿತು, ಮುಗಿಯಿತು. ಜಗತ್ತಿನಲ್ಲಿ ಕೇಡು ಎನ್ನುವುದು ವಾಸನೆ ಕಟ್ಟಿಕೊಂಡೇ ಬರುತ್ತದೆ ಎಂದು ಅವನಿಗೆ ಅವನ ಕಸುಬು ಕಲಿಸಿತ್ತು.

ಶಸ್ತ್ರಚಿಕಿತ್ಸೆಗೆ ಹಿಂದಿನ ದಿನ. ಬೆಳಗಿನಿಂದ ಜಿಟಿಜಿಟಿ ಮಳೆ, ಮೈ ಕೊರೆಯುವ ಗಾಳಿ. ಅಕ್ಕನ ಮಾತು ನೆನಪಿದ್ದವನು ಕಿಟಕಿಯನ್ನು ಮುಚ್ಚಿ, ಸಂದಿಗೆ ಹಳೆಯ ಟವೆಲು ತುರುಕಿದ. ನೃತ್ಯಶಾಲೆಯ ಬಟ್ಟೆ ಸಂಜೆಗೆ ಬೇಕೇಬೇಕು. ತೊಡಿಸಿದ ತಳದಿಂದಾಗಿ ಬಿಸಿ ಬಟ್ಟೆಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ಎಂದಿಗಿಂತ ಹೆಚ್ಚು ಕಾಯಲು ಬಿಟ್ಟ. ಆರಿಸುವ ವ್ಯವಸ್ಥೆಯನ್ನು ಕೀಳಿಸಿ ಎಷ್ಟೋ ಕಾಲವಾಗಿತ್ತು, ಅದು ಕಾದೇ ಕಾಯಿತು. ಕೆಲಸ ಮಾತ್ರ ಬೆಣ್ಣೆಯ ಹಾಗೇ ಸಾಗಿತು. ಖುಷಿಯಾಗಿ ಏನೋ ಗುನುಗುತ್ತಾ ಇಸ್ತ್ರಿ ಉಜ್ಜುತ್ತಿದ್ದವನಿಗೆ, ದೊರೆ ಮಾತು ನಿಲ್ಲಿಸಿ ತುಂಬ ಹೊತ್ತಾಯಿತೆಂದು ಹೊಳೆದದ್ದು ಊಟದ ಹೊತ್ತಿಗೆ.

ತಿರುಗಿ ನೋಡಿದ. ದೊರೆ ಮೈಯೆಲ್ಲ ಪುಕ್ಕ ಉಬ್ಬಿಸಿಕೊಂಡು ಕೋಲಿನ ಮೇಲೆ ಮುದುಡಿ ಕೂತಿತ್ತು. ಜುಟ್ಟು ಬಿದ್ದುಹೋಗಿತ್ತು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು.

"ಏ, ಬಾ ಇಲ್ಲಿ! ಇದಕ್ಕೇನೋ ಆಗಿದೆ!"

ಹೆಂಡತಿ ಸೆರಗು ಬಿಗಿಯಾಗಿ ಹೊದ್ದುಕೊಂಡು ಬಂದಳು. "ಚಳಿ ಹಿಡಿದಿರ್ಬೇಕು ರೀ. ನನಗೇ ಬೆಳಗ್ಗೆಯಿಂದ ಮೈ ನಡುಗ್ತಿದೆ, ಎದೆ ಬಿಗಿದ ಹಾಗಿದೆ."

ಹೌದಲ್ಲ, ಅವನಿಗೂ ಮೈಕೈ ನೋವು, ಜ್ವರ ಬರುವ ಮುಂಚಿನ ನಡುಕ. ಇಬ್ಬರಿಗೂ ಚಳಿಯೆಂದ ಮೇಲೆ ಅಂಗೈಯಗಲದ ಹಕ್ಕಿಯ ಗತಿಯೇನು? ಚಳಿ ತಾಗಿತೋ ಮುಗೀತು ಕಥೆ ಎಂದು ಅಕ್ಕ ಹೇಳಿದ್ದಳಲ್ಲ! ಅವನಿಗೆ ಕೈಕಾಲೇ ಆಡಲಿಲ್ಲ. ಆಮೇಲೆ ಆಡಿದವು. ಅಯ್ಯೋ, ಆಡದೇ ಇದ್ದಿದ್ದರೇ ಚೆನ್ನಾಗಿತ್ತು.

ಇಸ್ತ್ರಿಯವನ ಮನೆಯಲ್ಲಿ ಬಿಸಿಗೇನು ಬರ? ಮೆತ್ತನೆಯ ಹಳೆಯ ಹತ್ತಿ ದುಪ್ಪಟಿಯೊಂದನ್ನು ಮೇಜಿನ ಮೇಲೆ ಹರಡಿ, ಪೆಟ್ಟಿಗೆಯನ್ನು ಎರಡು ಸುತ್ತು ಆಡಿಸಿ, ಹಬೆಯಾಡುವ ಹಾಗೆ ಕಾಯಿಸಿ, ಪಂಜರಕ್ಕೆ ಹೊದಿಸಿದ. ಅದು ತಣ್ಣಗಾಗುವಷ್ಟರಲ್ಲಿ ಇನ್ನೊಂದನ್ನು ಕಾಯಿಸಿದ. ಗೂಟಕ್ಕೆ ತೂಗುಹಾಕಿದ್ದ ಪಂಜರವನ್ನು ಇಳಿಸಿ ಮೇಜಿನ ತುದಿಗೇ ತಂದಿಟ್ಟುಕೊಂಡ. ಅದೂ ಸಾಲದೆಂದು, ಪೆಟ್ಟಿಗೆಯನ್ನು ಪಂಜರದ ಪಕ್ಕದಲ್ಲೇ ಎತ್ತಿ ನಿಲ್ಲಿಸಿದ, ಕಾದ ತಳ ಹಕ್ಕಿಯ ಕಡೆಗಿರುವ ಹಾಗೆ. ಹೆಂಡತಿ ಬಾಗಿಲ ಸಂದಿಗೂ ಬಟ್ಟೆ ತುರುಕಿದಳು. ಗಂಡಹೆಂಡಿರಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು ಕೂತರು. "ಬೆಚ್ಚಗಾಯ್ತಾ ನನ್ನಪ್ಪ? ಸ್ವಲ್ಪ ತಡ್ಕೋ ನನ್ನ ರಾಜ. ನಾಳೆ ಒಂದು ದಿನ ದಾಟಿಸಿಬಿಡು," ಎನ್ನುತ್ತಾ ಆ ಮಹಾರಾಯ ದುಪ್ಪಟಿ ಕಾಯಿಸಿದ್ದೇ ಕಾಯಿಸಿದ್ದು.

ದೊರೆ ಕೊಕ್ಕು ತೆರೆದು ಉಸಿರೆಳೆಯತೊಡಗಿತು. ಮತ್ತೆ ಸ್ವಲ್ಪ ಹೊತ್ತಿಗೆ ಕೋಲಿನಿಂದ ಜಾರಿ ಪಂಜರದ ತಳಕ್ಕೆ ಬಿತ್ತು.

ಆಗ ಅವನು ಪಂಜರವನ್ನು ದುಪ್ಪಟಿಯ ಸಮೇತ ಎದೆಗವಚಿಕೊಂಡು, ಬರಿಗಾಲಲ್ಲಿ, ಮಳೆಯಲ್ಲಿ ಓಡಿದ. ಪ್ರಾಣಿಗಳ ಆಸ್ಪತ್ರೆ ದೊಡ್ಡ ರಸ್ತೆಯ ಆಚೆ. ತಿರುವಿನಲ್ಲಿ ಗಾಳಿಗೆ ದುಪ್ಪಟಿ ಸರಿದು ತಣ್ಣನೆಯ ಗಾಳಿ ಪಂಜರದೊಳಗೆ ನುಗ್ಗಿತು. ದೊರೆ ಕತ್ತೆತ್ತಿತು. ಎರಡು ಉಸಿರು ಸರಾಗವಾಗಿ ಎಳೆದುಕೊಂಡಿತು. ಅವನು ನೋಡಿದ. ನೋಡಿ, "ಅಯ್ಯಯ್ಯೋ, ಗಾಳಿ ಬಡೀತು!" ಎಂದು ದುಪ್ಪಟಿಯನ್ನು ಮೊದಲಿಗಿಂತ ಬಿಗಿಯಾಗಿ ಸುತ್ತಿದ.

ಆಸ್ಪತ್ರೆಯ ಡಾಕ್ಟರಮ್ಮ ನಾಯಿಯೊಂದಕ್ಕೆ ಸೂಜಿ ಹಾಕುತ್ತಿದ್ದವರು, ಪಂಜರದೊಳಗೆ ಒಮ್ಮೆ ನೋಡಿದ್ದೇ ನಾಯಿಯನ್ನು ಬಿಟ್ಟು ಎದ್ದುಬಂದರು. ದೊರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮ್ಲಜನಕದ ಕೊಳವೆ ಬಿಟ್ಟರು.

"ಮನೇಲಿ ಸಿಗರೇಟು ಸೇದ್ತೀರಾ?"

"ಬಿಟ್ಟಿದೀನಮ್ಮ, ಇದಕ್ಕೋಸ್ಕರಾನೇ ಬಿಟ್ಟಿದೀನಿ."

"ಸೊಳ್ಳೆ ಬತ್ತಿ? ಸ್ಪ್ರೇ? ಹೊಸ ಪೇಂಟು?"

"ಯಾವ್ದೂ ಇಲ್ಲ. ಎದುರುಮನೆ ಪೇಂಟೂ ನಿಲ್ಲಿಸಿದೀನಿ."

"ನಾನ್‌ಸ್ಟಿಕ್ ಬಾಣಲೆ ಏನಾದ್ರೂ ಒಲೆ ಮೇಲೆ ಮರೆತುಬಿಟ್ರಾ?"

"ನಮ್ಮನೇಲಿರೋದೆಲ್ಲ ಕಬ್ಬಿಣದ ಬಾಣಲೆ. ಅಮ್ಮಾ, ಕೆಟ್ಟ ಗಾಳಿ ಅಲ್ಲಮ್ಮ ಇದು. ಇದ್ದಿದ್ರೆ ನನ್ನ ಮೂಗಿಗೆ ಗೊತ್ತಾಗ್ತಿತ್ತು. ಇದಕ್ಕೆ ಚಳಿ ಹಿಡಿದಿದೆ. ಆಗ್ಲಿಂದ ಬಿಸಿ ಕೊಡ್ತಾನೇ ಇದೀನಿ, ಮುಟ್ಟಿ ನೋಡಿ, ದುಪ್ಪಟಿ ಇನ್ನೂ ಬೆಚ್ಚಗಿದೆ."

ಡಾಕ್ಟರಮ್ಮ ದುಪ್ಪಟಿ ಮುಟ್ಟಿದರು. "ಯಾವುದರಲ್ಲಿ ಬಿಸಿ ಮಾಡಿದ್ರಿ?"

"ಇಸ್ತ್ರಿ ಪೆಟ್ಟಿಗೇಲಿ. ನಾನು ಇಸ್ತ್ರಿಯವನು."

"ಪೆಟ್ಟಿಗೆ ತಳಕ್ಕೆ ಏನಾದ್ರೂ ಹಾಕಿದೀರಾ?"

ಅವನು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅವನಿಗೆ ಹೊಳೆಯಿತು. ನಾನ್‌ಸ್ಟಿಕ್ ತಳದ ವಿಷಯ ಹೇಳಿದ. ಡೈರೆಕ್ಟ್ ಮಾಡಿಸಿದ್ದನ್ನೂ ಹೇಳಿದ. ಕಿಟಕಿ ಮುಚ್ಚಿದ್ದು, ಟವೆಲು ತುರುಕಿದ್ದು, ಪೆಟ್ಟಿಗೆಯನ್ನು ಪಂಜರದ ಪಕ್ಕ ನಿಲ್ಲಿಸಿದ್ದು, ಎಲ್ಲವನ್ನೂ ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣಗಾಯಿತು.

ಡಾಕ್ಟರಮ್ಮ ಬೈಯಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದರು. ಆ ನಾನ್‌ಸ್ಟಿಕ್ ಲೇಪ ಮಿತಿ ಮೀರಿ ಕಾದರೆ ವಿಷಗಾಳಿ ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಗೊತ್ತಾಗದೆ ಹೋಗಬಹುದು. ಮನುಷ್ಯರಿಗೆ ಚಳಿಜ್ವರದ ಹಾಗೆ ಮೈ ನಡುಗಿ, ಒಂದೆರಡು ದಿನದಲ್ಲಿ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಹಕ್ಕಿಯ ಪುಪ್ಪುಸ ಬೇರೆ ಥರ, ಒಳಗೆಳೆದ ಗಾಳಿಯ ಸಾರವನ್ನೆಲ್ಲ ಹೀರಿಬಿಡುತ್ತದೆ, ವಿಷವಿದ್ದರೆ ವಿಷವನ್ನೂ.

"ನಿಮಗೆ ಬಂದಿದ್ದು ಚಳಿ ಅಲ್ಲ. ಇದಕ್ಕೂ ಚಳಿ ಆಗಿರ್ಲಿಲ್ಲ. ಹೋಗ್ತಿದ್ದ ಹಾಗೆ ಕಿಟಕಿ ಬಾಗಿಲು ಎಲ್ಲ ತೆಗೀರಿ. ನಿಮ್ಮ ಹೆಂಡ್ತಿಗೆ ಉಸಿರು ಕಟ್ಟಿದ ಹಾಗಾದ್ರೆ ತಡ ಮಾಡ್ದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಅವನು ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿ, "ಕಿಟಕಿ ತೆಗಿ, ಎಲ್ಲಾ ತೆಗಿ, ಹೊರಗೆ ಬಾ" ಎಂದು ಕಿರುಚಿದ. ಆಮೇಲೆ ಗಾಜಿನ ಪೆಟ್ಟಿಗೆಯ ಮುಂದೆ ಮಂಡಿಯೂರಿದ. "ಅಮ್ಮಾ, ನಾಳೆ ನನ್ನಕ್ಕನ ಆಪರೇಶನ್ನು. ಇದಿಲ್ದೆ ಅವಳು ಏಳಲ್ಲಮ್ಮ. ಏನಾದ್ರೂ ಮಾಡಿ. ನಾನು ಬೇಕಾದ್ರೆ ನಿಮ್ಮನೆ ಜೀತ ಮಾಡ್ತೀನಿ. ಒಂದು ದಿನ, ನಾಳೆ ಒಂದು ದಿನ ಇದನ್ನ ಹಿಡಿದುಕೊಡಿ, ಸಾಕು."

ಮಾಡುವುದನ್ನೆಲ್ಲ ಅವರು ಮಾಡಿದರು. ದೊರೆ ಗಾಜಿನ ಆಚೆಯಿಂದ ಒಮ್ಮೆ ಅವನ ಕಡೆಗೆ ತಿರುಗಿತು. ರೆಕ್ಕೆ ಅರ್ಧ ಬಿಚ್ಚಿತು. ಕೊಕ್ಕಿನ ಮೂಲೆಯಲ್ಲಿ ನೊರೆ ಕಾಣಿಸಿತು. ಬಾಲದ ಆಟ ನಿಂತಿತು.

"ಇನ್ನೊಂದ್ಸಲ ನೋಡಿ," ಎಂದ ಅವನು. ಅವರು ನೋಡಿದರು. "ಇನ್ನೊಂದೇ ಸಲ," ಎಂದ. ಅವರು ಕೊಳವೆಯನ್ನು ಆರಿಸಿ, ಅವನ ಭುಜದ ಮೇಲೆ ಕೈಯಿಟ್ಟರು.

ಅವನು ಮನೆಗೆ ಬಂದಾಗ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಹೊರಗಿನ ಗಾಳಿಗೆ ಅವಳ ಉಸಿರು ಆಗಲೇ ಹಗುರವಾಗಿತ್ತು. ಅವನು ಸಣ್ಣ ಗಂಟೊಂದನ್ನು ಎರಡು ಕೈಯಲ್ಲೂ ಹಿಡಿದಿದ್ದ. ಅವಳು ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಒಳಗೆ ಹೋಗಿ ಪೆಟ್ಟಿಗೆಯ ತಳವನ್ನು ಇಕ್ಕಳದಿಂದ ಕಿತ್ತು, ಕಲ್ಲಿನಿಂದ ಜಜ್ಜಿದ. ಜಜ್ಜಿ ಏನು ಬಂತು? ತನ್ನ ಮೂಗನ್ನೇ ಆ ಕಲ್ಲಿಗೆ ಕೊಟ್ಟು ಜಜ್ಜಿಕೊಳ್ಳಬೇಕು ಅನ್ನಿಸಿತು ಅವನಿಗೆ. ಸುಡುವ ಮೊದಲೇ ಹೇಳುತ್ತಿದ್ದ ಮೂಗು, ಜೀವ ಹೋಗುವಾಗ ಬಾಯಿಬಿಡಲಿಲ್ಲ.

"ಪೇಟೇಲಿ ಇಂಥದ್ದೇ ಇನ್ನೊಂದು ಸಿಗುತ್ತೆ ರೀ," ಎಂದಳು ಹೆಂಡತಿ, ಅಳುತ್ತಲೇ. "ಅದೇ ಬಣ್ಣ, ಅದೇ ಜುಟ್ಟು. ಅತ್ತಿಗೆ ಚೇತರಿಸ್ಕೊಳ್ಳೋವರೆಗಾದ್ರೂ..."

"ಅವಳ ಕಣ್ಣಿಗೆ ಮಣ್ಣೆರಚೋಕೆ ಆಗುತ್ತೇನೇ? ಆ ಕೊಕ್ಕಿನ ಒಂದೊಂದು ಗೀರೂ ಅವಳಿಗೆ ಬಾಯಿಪಾಠ."

ಅಷ್ಟರಲ್ಲಿ ಫೋನು ಕೂಗಿತು. ಅವನು ಅದರ ಕಡೆಗೆ ಹಾವನ್ನು ನೋಡುವ ಹಾಗೆ ನೋಡಿದ. ಎತ್ತದೆ ಇರುವಂತಿಲ್ಲ. ಎತ್ತಿದ.

"ಎಲ್ಲಿ ಸತ್ತಿದ್ದೆ? ಇಷ್ಟು ಹೊತ್ತಾಯ್ತು ಎತ್ತೋಕೆ. ದೊರೆ ಕೈಗೆ ಕೊಡು."

"ಅಕ್ಕ... ಅದು ಮಲಗಿದೆ."

"ಈ ಹೊತ್ತಲ್ಲಾ?"

"ಮಳೆ ಅಲ್ವಾ. ದುಪ್ಪಟಿ ಹೊದಿಸಿದೀನಿ."

ಆಚೆ ಕಡೆ ಅಕ್ಕನ ಏದುಸಿರು ಕೇಳುತ್ತಿತ್ತು. "ಒಳ್ಳೇದು ಮಾಡಿದೆ. ಎಬ್ಬಿಸ್ಬೇಡ. ಪರ್ವಾಗಿಲ್ಲ ಕಣೋ, ನಿನಗೂ ಬುದ್ಧಿ ಬಂದಿದೆ." ಆಮೇಲೆ, "ಬೆಳಗ್ಗೆ ಕರ್ಕೊಂಡು ಹೋಗ್ತಾರಂತೆ. ನನಗೇನು ಭಯ ಇಲ್ಲ" ಎಂದಳು. ಭಯವಿಲ್ಲವೆಂದು ಅಕ್ಕ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಫೋನು ಇಟ್ಟ ಮೇಲೆ ಅವನು ಇಸ್ತ್ರಿಮೇಜಿನ ಕೆಳಗೆ, ಮಡಿಸಿದ 'ಥಳಥಳ' ಬಟ್ಟೆಗಳ ರಾಶಿಯ ಪಕ್ಕ ಕೂತು, ತಲೆ ಚಚ್ಚಿಕೊಂಡು ಅತ್ತ.

ಮರುದಿನ ಆಸ್ಪತ್ರೆಯ ಓಣಿಯಲ್ಲಿ ಅವನು ಕಳೆದ ಹೊತ್ತು ಶತ್ರುವಿಗೂ ಬೇಡ. ಅಕ್ಕನನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ಯುವಾಗ ಅವಳು ಕತ್ತು ಹೊರಳಿಸಿ, ಹುಬ್ಬು ಎತ್ತಿ ಕೇಳಿದಳು. ಏನು ಕೇಳಿದಳೆಂದು ಬಿಡಿಸಿ ಹೇಳಬೇಕೇ? ಅವನು "ಚೆನ್ನಾಗಿದೆ ಅಕ್ಕ" ಎಂದ. ಬಾಗಿಲು ಮುಚ್ಚಿಕೊಂಡಿತು. ಅಕ್ಕನ ನೆಪವನ್ನು ಕೊಂದವನು ತಾನು, ಸತ್ತ ನೆಪದ ಮೇಲೆ ಅವಳನ್ನು ಒಳಗೆ ಕಳಿಸಿದವನೂ ತಾನು. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಅವನು ಎದುರಿಗೆ ಹಾದುಹೋದ ನರ್ಸುಗಳನ್ನೆಲ್ಲ ತಡೆದು ಕೇಳಿದ. "ಇನ್ನೂ ಇಲ್ಲ, ಕೂತ್ಕೊಳ್ಳಿ" ಎಂದರು. ಅವನು ಕೂರಲಿಲ್ಲ. ಹೆಂಡತಿ ಕೊಟ್ಟ ನೀರನ್ನೂ ಪಕ್ಕಕ್ಕಿಟ್ಟ. ಕತ್ತಲಾಗುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಆಪರೇಶನ್ ಆಗಿದೆ, ಜೀವಕ್ಕೆ ಅಪಾಯವಿಲ್ಲ ಎಂದರು. ಆಗ ಅವನು ನೆಲದ ಮೇಲೇ ಕೂತುಬಿಟ್ಟ.

ನೆಪ ಸತ್ತಿದ್ದರೂ ಅಕ್ಕ ಎದ್ದಿದ್ದಳು. ಆದರೆ ಆ ಸಂತೋಷವನ್ನು ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಮನಸ್ಸಿಗೆ ನೋವಾಗುವ ಮಾತು ಸದ್ಯಕ್ಕೆ ಬೇಡ ಎಂದು ಡಾಕ್ಟರು ಎಚ್ಚರಿಸಿದ್ದರು. ಹಾಗಾಗಿ ದಿನಗಟ್ಟಲೆ ಸುಳ್ಳು ನಡೆಯಿತು. ಇವತ್ತು ಕಾಳು ತಿಂತು, ಇವತ್ತು ಸ್ನಾನ ಮಾಡ್ತು. ಅಕ್ಕ ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿಕೊಳ್ಳುವಳು. ಕೊನೆಗೆ ಡಾಕ್ಟರು, ಗಾಯ ಚೆನ್ನಾಗಿ ಮಾಯುತ್ತಿದೆ, ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಗಂಡಹೆಂಡಿರು ಅಕ್ಕನ ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದಾಗ ಅವನು ಮಂಚದ ಪಕ್ಕ ಹೋಗಿ ನಿಂತ. ಹೇಗೆ ಶುರುಮಾಡಬೇಕೆಂದು ತಿಳಿಯದೆ ಅವಳ ಹೊದಿಕೆಯ ಸುಕ್ಕನ್ನು ಕೈಯಿಂದ ನೀವಿದ.

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಸತ್ತುಹೋಯ್ತು, ಅಲ್ವಾ?"

ಅವನು ತಲೆಯಾಡಿಸಿದ.

"ಗೊತ್ತಿತ್ತು. ದೊರೆ ಸ್ನಾನ ಮಾಡ್ತು ಅಂದೆಯಲ್ಲ, ಅದಕ್ಕೆ ನೀರು ಕಂಡ್ರೆ ಆಗ್ತಿರ್ಲಿಲ್ಲ."

ಅವನು ಬೈಗುಳಕ್ಕೆ ಕಾದ. ಬೈದುಬಿಡಲಿ, ಕಪಾಳಕ್ಕೆ ಬಾರಿಸಲಿ ಎಂದು ಕಾದ. ಅಕ್ಕ ಬೈಯಲಿಲ್ಲ. ಅವಳ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಹರಿಯಿತು, ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ. ಹಾಗೇ ಕೈ ಚಾಚಿ ತಮ್ಮನ ಮಣಿಕಟ್ಟು ಹಿಡಿದಳು.

"ಹೋಗ್ಲಿ ಬಿಡೋ. ಚಳಿ ತಾಗಿರುತ್ತೆ. ನಿನಗೆ ಮೊದಲಿಂದ ಸೆಖೆ ಜಾಸ್ತಿ, ಕಿಟಕಿ ತೆಗೆದಿಟ್ಟಿರ್ತೀಯ. ಹಕ್ಕಿ ಬೆಚ್ಚಗಿಡೋದು ಗಂಡಸರಿಗೆಲ್ಲಿ ಗೊತ್ತಾಗುತ್ತೆ, ಹೇಳು? ಅದಕ್ಕೂ ವಯಸ್ಸಾಗಿತ್ತು. ಅಳಬೇಡ, ಸುಮ್ನಿರು."

ಹೆಂಡತಿ ಹಿಂದಿನಿಂದ ಅವನ ಬೆನ್ನನ್ನು ಚಿವುಟಿದಳು. ಹೂಂ ಅನ್ನಿ, ಅಷ್ಟಕ್ಕೆ ಮುಗೀಲಿ ಎಂಬ ಚಿವುಟು ಅದು. ಅಕ್ಕನೇ ಕೈಯಾರೆ ಕೊಡುತ್ತಿದ್ದ ಕ್ಷಮೆ. ಒಂದು ಹೂಂಕಾರ ಸಾಕಾಗಿತ್ತು.

"ಕಿಟಕಿ ಹಾಕಿದ್ದೆ, ಅಕ್ಕ."

"ಏನಂದೆ?"

"ಕಿಟಕಿ ಹಾಕಿದ್ದೆ. ಸಂದಿಗೂ ಬಟ್ಟೆ ತುರುಕಿದ್ದೆ. ಪೆಟ್ಟಿಗೆಗೆ ಹಾಕಿದ್ದ ಹೊಸ ತಳ ವಿಷ ಉಗುಳ್ತಿತ್ತಂತೆ, ನನ್ನ ಮೂಗಿಗೆ ತಿಳೀಲಿಲ್ಲ. ಚಳಿ ಅಂದ್ಕೊಂಡು ಅದೇ ಪೆಟ್ಟಿಗೇಲಿ ದುಪ್ಪಟಿ ಕಾಯಿಸಿ ಕಾಯಿಸಿ ಹೊದಿಸಿದೆ." ಅವನು ಅಕ್ಕನ ಕೈಯಿಂದ ತನ್ನ ಮಣಿಕಟ್ಟು ಬಿಡಿಸಿಕೊಂಡ. "ಬೆಚ್ಚಗೇ ಇಟ್ಟಿದ್ದೆ ಅಕ್ಕ. ಬೆಚ್ಚಗಿಟ್ಟಿದ್ದಕ್ಕೇ ಅದು ಸತ್ತಿದ್ದು."